ಸಣ್ಣ ದೊರೆಗಳ ನಾಡಿನಲ್ಲಿ

ಕಿರಿಯಳು: ಸರ್, ಹವಾಯಿ ದ್ವೀಪಗಳ ರಾಜಮನೆತನಕ್ಕೆ ಸೇರಿದ ಜೋನಾ ಕುಹಿಯೊ ಎಂಬವನ ಬಗ್ಗೆ ಓದಿದೆ. 1871ರಲ್ಲಿ ಹುಟ್ಟಿದವನು. ರಾಜನ ಮಗನಲ್ಲ, ರಾಜನ ಹೆಂಡತಿಯ ತಂಗಿಯ ಮಗ. ಅವನು ಇಪ್ಪತ್ತೊಂದರ ಹುಡುಗನಾಗಿದ್ದಾಗ, 1893ರಲ್ಲಿ, ಅಲ್ಲಿನ ಅರಸೊತ್ತಿಗೆಯನ್ನೇ ಉರುಳಿಸಿದರು. ಎರಡು ವರ್ಷಕ್ಕೆ ಬಂಡಾಯದಲ್ಲಿ ಸೇರಿ ಜೈಲು ಕಂಡ. ಆಮೇಲೆ 1903ರಿಂದ 1922ರಲ್ಲಿ ಸಾಯುವ ತನಕ ಅಮೆರಿಕದ ಸಂಸತ್ತಿನಲ್ಲಿ ಹವಾಯಿಯ ಪ್ರತಿನಿಧಿಯಾಗಿದ್ದ. ಮಾತಾಡಬಹುದು, ಮತ ಹಾಕುವಂತಿಲ್ಲ, ಅಂಥ ಸ್ಥಾನ. ಅಷ್ಟರಲ್ಲೇ 1921ರಲ್ಲಿ ಮೂಲ ಹವಾಯಿಯನ್ನರ ಮನೆ, ಹೊಲಗಳಿಗೆಂದು ಸುಮಾರು 2 ಲಕ್ಷ ಎಕರೆ ಕಾದಿರಿಸುವ ಕಾಯ್ದೆ ಮಾಡಿಸಿದ. ಸಿಂಹಾಸನದ ಹತ್ತಿರವಿದ್ದು ಅದರ ಮೇಲೆ ಕೂರದ ಇಂಥವರು ನಮ್ಮ ಕೂಡ್ಲಿಗಿ, ಕೊಟ್ಟೂರು, ಹರಪನಹಳ್ಳಿ ಸೀಮೆಯಲ್ಲಿ ಯಾರಾದರೂ ಇದ್ದರೇ?

ಹಿರಿಯರು: ಇದ್ದರಾ ಅಂತ ಯಾಕೆ ಕೇಳುತ್ತೀಯವ್ವ, ನಮ್ಮದು ಅವರದ್ದೇ ನಾಡು. ಉಜ್ಜಿನಿ ಜಾತ್ರೆ ನೋಡಿದ್ದೀಯಲ್ಲ?

ಕಿರಿಯಳು: ನೋಡಿದ್ದೇನೆ. ಮರುಳಸಿದ್ದೇಶ್ವರನ ತೇರು, ಶಿಖರಕ್ಕೆ ಎಣ್ಣೆ ಎರೆಯುವುದು, ಎಲ್ಲ.

ಹಿರಿಯರು: ಆ ಎಣ್ಣೆ ಎಲ್ಲಿಂದ ಬರುತ್ತದೆ?

ಕಿರಿಯಳು: ಭಕ್ತರು ತರುತ್ತಾರೆ.

ಹಿರಿಯರು: ಭಕ್ತರೂ ತರುತ್ತಾರೆ. ಆದರೆ ಜರಿಮಲೆಯ ಪಾಳೆಯಗಾರರ ಮನೆತನದ ಎಣ್ಣೆ ಬರಲೇಬೇಕು, ಅದಕ್ಕೆ ಮೊದಲ ಮರ್ಯಾದೆ. ಜರಿಮಲೆ ಇವತ್ತು ಕೂಡ್ಲಿಗಿ ತಾಲ್ಲೂಕಿನ ಒಂದು ಹಳ್ಳಿ. ಅಲ್ಲಿನ ದೊರೆಗೆ ಈಗ ಕೋಟೆಯಿಲ್ಲ, ದಂಡಿಲ್ಲ, ಕಂದಾಯವಿಲ್ಲ. ಉಳಿದದ್ದು ಆ ಎಣ್ಣೆಯ ಕೊಡ. 'ಹಂಪಿ ಹೊರಗೆ ನೋಡು, ಉಜ್ಜಿನಿ ಒಳಗೆ ನೋಡು' ಎಂಬ ಮಾತು ನಮ್ಮ ಕಡೆ ಇದೆ. ಉಜ್ಜಿನಿಯ ಗುಡಿಯೊಳಗಿನ ಕೆತ್ತನೆ ಅಷ್ಟು ಚೆನ್ನ. ಆ ಕಲ್ಲಿನ ಶಿಖರ ವರ್ಷಕ್ಕೊಮ್ಮೆ ಎಣ್ಣೆಯಲ್ಲಿ ತೋಯುವಾಗ ಸಾವಿರಾರು ಜನ ಕತ್ತೆತ್ತಿ ನೋಡುತ್ತಾರೆ. ಕೊಡ ತಂದ ಮನೆಯವರನ್ನು ತಿರುಗಿ ನೋಡುವವರು ಕಡಿಮೆ. ನೀನು ಕೇಳಿದ ಸಣ್ಣ ಅರಸುಮನೆತನದ ಬದುಕು ಅಲ್ಲಿದೆ.

ಕಿರಿಯಳು: ಜರಿಮಲೆಯವರು ನಿಜಕ್ಕೂ ಅರಸರೇ? ಪುಸ್ತಕದಲ್ಲಿ ಚಿತ್ರದುರ್ಗದವರ ಹೆಸರು ಬಿಟ್ಟರೆ ಬೇರೆ ಪಾಳೆಯಗಾರರ ಹೆಸರೇ ಬರುವುದಿಲ್ಲ.

ಹಿರಿಯರು: ಅದೇ ನನ್ನ ತಕರಾರು. ನಮ್ಮ ಮಕ್ಕಳು ಹಂಪಿ ಓದುತ್ತಾರೆ, ಆಮೇಲೆ ದುರ್ಗ ಓದುತ್ತಾರೆ. ನಡುವಿನ ನೆಲದಲ್ಲಿ ತಾವೇ ಕೂತಿದ್ದೇವೆ ಎನ್ನುವುದು ಅವರಿಗೆ ಹೊಳೆಯುವುದೇ ಇಲ್ಲ. 1565ರಲ್ಲಿ ವಿಜಯನಗರ ಬಿದ್ದ ಮೇಲೆ ಇನ್ನೂರು ಮೂವತ್ತೈದು ವರ್ಷ ಈ ಊರುಗಳನ್ನು ಹತ್ತಿರದಿಂದ ಆಳಿದವರು ಹರಪನಹಳ್ಳಿ, ಜರಿಮಲೆ, ಗುಡೇಕೋಟೆಯ ನಾಯಕರು. ಬಹುಪಾಲು ಬೇಡ ನಾಯಕರು. ಕೆರೆಗೆ ಏರಿ ಹಾಕಿಸಿದವರು, ಕಾವಲಿಗೆ ಆಳು ಇಟ್ಟವರು, ಕಾವಲಿ ಕಾಣಿಕೆ ಎತ್ತಿದವರು, ಎತ್ತುವಾಗ ರೈತನನ್ನು ಹಿಂಡಿದವರೂ ಅವರೇ. ಇವತ್ತಿನ ಸಂಡೂರು ಕೂಡ ಒಮ್ಮೆ ಜರಿಮಲೆಯವರ ಕೈಯಲ್ಲಿತ್ತು. 1728ರಲ್ಲಿ ಸಿದ್ದೋಜಿರಾವ್ ಘೋರ್ಪಡೆ ಅದನ್ನು ಕಿತ್ತುಕೊಂಡ. ಘೋರ್ಪಡೆಯವರು 1949ರವರೆಗೆ ಸಂಸ್ಥಾನಿಕರಾಗಿ ಉಳಿದರು, ಆದ್ದರಿಂದ ಸಂಡೂರಿಗೆ ಇತಿಹಾಸದ ಪುಸ್ತಕದಲ್ಲಿ ಜಾಗ ಸಿಕ್ಕಿತು. ಕಳೆದುಕೊಂಡ ಜರಿಮಲೆಗೆ ಅಡಿಟಿಪ್ಪಣಿಯೂ ಕಷ್ಟ.

ಕಿರಿಯಳು: ಹರಪನಹಳ್ಳಿಯವರು ಇವರಿಗಿಂತ ದೊಡ್ಡವರಲ್ಲವೇ?

ಹಿರಿಯರು: ಬಳ್ಳಾರಿ ಸೀಮೆಯಲ್ಲಿ ಅವರಷ್ಟು ಬಲವಿದ್ದ ಪಾಳೆಯಗಾರರು ಕಡಿಮೆ. ಮೂಲಪುರುಷ ದಾದಯ್ಯ ನಾಯಕ. ವಿಜಯನಗರದ ಪತನದ ಗೊಂದಲದಲ್ಲಿ ಮೇಲೆ ಬಂದವನು. ಅವನು ಎರಡು ಮನೆಯಿಂದ ಹೆಣ್ಣು ತಂದ. ಒಂದು ಚಿತ್ರದುರ್ಗದ ಮನೆ, ಇನ್ನೊಂದು ಜರಿಮಲೆಯ ಮನೆ. ಹೊಸದಾಗಿ ಕೋಟೆ ಕಟ್ಟುವವನು ತೆಂಕಣದ ದೊಡ್ಡ ನೆರೆಯವನನ್ನೂ ಮೂಡಣದ ಸಣ್ಣ ನೆರೆಯವನನ್ನೂ ಬೀಗರನ್ನಾಗಿ ಮಾಡಿಕೊಂಡ. ಕಾಗದದ ಒಪ್ಪಂದವನ್ನು ನಾಳೆ ಹರಿಯಬಹುದು, ಮಗಳನ್ನು ಕೊಟ್ಟ ಮನೆಯ ಮೇಲೆ ಕತ್ತಿ ಎತ್ತಲು ಸ್ವಲ್ಪ ಯೋಚಿಸಬೇಕಾಗುತ್ತದೆ.

ಕಿರಿಯಳು: ಯೋಚಿಸಿದರೇ?

ಹಿರಿಯರು: ಇಲ್ಲ. 1748ರಲ್ಲಿ ಮಾಯಕೊಂಡದ ಯುದ್ಧ ಆಯಿತು. ಒಂದು ಕಡೆ ಚಿತ್ರದುರ್ಗದ ಹಿರೇ ಮದಕರಿ ನಾಯಕ, ಅವನ ಜೊತೆ ಚಂದಾ ಸಾಹೇಬ. ಇನ್ನೊಂದು ಕಡೆ ಬಿದನೂರು, ಸವಣೂರು, ರಾಯದುರ್ಗ, ಹರಪನಹಳ್ಳಿ ಕೂಡಿಕೊಂಡಿದ್ದವು. ಮದಕರಿ ನಾಯಕ ತನ್ನ ದಂಡಿನ ನಡುವೆಯೇ ಹರಪನಹಳ್ಳಿಯ ಸೋಮಶೇಖರ ನಾಯಕನ ಕೈಯಲ್ಲಿ ಸತ್ತ. ಚಂದಾ ಸಾಹೇಬನ ಮಗ ಸತ್ತ, ತಂದೆ ಸೆರೆಯಾದ. ಮದುವೆಯಿಂದ ಕೂಡಿದ ಎರಡು ಮನೆಗಳು ಯುದ್ಧಭೂಮಿಯಲ್ಲಿ ಎದುರಾಗಿ ಒಂದರ ಯಜಮಾನನನ್ನು ಇನ್ನೊಂದರ ಯಜಮಾನ ಕೊಂದ.

ಕಿರಿಯಳು: ಆ ದಿನ ಹರಪನಹಳ್ಳಿಯ ಅರಮನೆಯಲ್ಲಿ ದುರ್ಗದ ಸಂಬಂಧದ ಹೆಂಗಸರು ಇದ್ದಿರಬಹುದಲ್ಲ ಸರ್. ಗೆದ್ದ ಸುದ್ದಿಗೆ ಆರತಿ ಎತ್ತಬೇಕೋ, ತವರಿನ ಸಾವಿಗೆ ಅಳಬೇಕೋ? ನನಗೆ ಮೊದಲು ಬರುವ ಯೋಚನೆ ಅದೇ.

ಹಿರಿಯರು: ಬರಬೇಕಾದದ್ದೂ ಅದೇ. ಆದರೆ ದಾದಯ್ಯ ನಾಯಕ ತಂದ ಆ ಇಬ್ಬರು ಹೆಣ್ಣುಮಕ್ಕಳ ಹೆಸರೇನು? ಸಾಮಾನ್ಯವಾಗಿ ನಮಗೆ ಸಿಗುವ ಇತಿಹಾಸದಲ್ಲಿ ಅವರು 'ಚಿತ್ರದುರ್ಗದವನ ಮಗಳು', 'ಜರಿಮಲೆಯವನ ಮಗಳು'. ನಾಯಕರ ಮನೆಯ ಹೆಂಗಸರನ್ನು ನಾಗತಿ ಎನ್ನುತ್ತಿದ್ದರು. ನಾಗತಿಯರ ಕೈಯಲ್ಲಿ ಅರಮನೆಯ ಒಳಾಡಳಿತವಿತ್ತು, ದತ್ತು ತೆಗೆದುಕೊಳ್ಳುವ, ಪಟ್ಟಕ್ಕೆ ಯಾರು ಎಂದು ತೀರ್ಮಾನಿಸುವ ಹೊತ್ತಿನಲ್ಲಿ ಅವರ ಮಾತಿಗೆ ತೂಕವಿತ್ತು. ಇಷ್ಟಿದ್ದೂ ವಂಶಾವಳಿಯಲ್ಲಿ ಗಂಡಸರ ಹೆಸರು ಮಾತ್ರ ಸಾಲಾಗಿ ಇಳಿಯುತ್ತದೆ.

ಕಿರಿಯಳು: ಚಿತ್ರದುರ್ಗದ ಒನಕೆ ಓಬವ್ವನ ಹೆಸರು ಮಾತ್ರ ಉಳಿಯಿತು.

ಹಿರಿಯರು: ಅದೊಂದು ವಿಶೇಷ ನೋಡು. ಓಬವ್ವ ನಾಗತಿಯಲ್ಲ, ಕೋಟೆ ಕಾಯುವವನ ಹೆಂಡತಿ. ಕಹಳೆ ಮುದ್ದಹನುಮನ ಮನೆಯಾಕೆ. ಅವಳ ತವರು ನಮ್ಮ ಗುಡೇಕೋಟೆ ಎಂದು ಈ ಕಡೆಯ ಜನ ಬಲವಾಗಿ ನಂಬುತ್ತಾರೆ. ಅವಳ ಕೈಯಲ್ಲಿದ್ದದ್ದು ಅಡುಗೆಮನೆಯ ಒನಕೆ. ಈಗ ಪ್ರತಿವರ್ಷ ನವೆಂಬರ್ 11ಕ್ಕೆ ಸರ್ಕಾರವೇ ಅವಳ ಜಯಂತಿ ಮಾಡುತ್ತದೆ. ಗುಡೇಕೋಟೆಯ ದೊರೆಗಳ ಹೆಸರನ್ನು ಅದೇ ಊರಿನ ಹತ್ತು ಹುಡುಗರನ್ನು ಕೇಳು, ಎಷ್ಟು ಜನ ಹೇಳುತ್ತಾರೋ ನೋಡು. ಈಗ ಗುಡೇಕೋಟೆ ಎಂದರೆ ಕರಡಿಧಾಮ. ಬಂಡೆಗಲ್ಲಿನ ಆ ಗುಡ್ಡಗಳಲ್ಲಿ ಕರಡಿಗಳು ಉಳಿದದ್ದು ಸಂತೋಷವೇ. ಆದರೆ ಕರಡಿ ನೋಡಲು ಬಂದವನಿಗೆ ಕೋಟೆಯ ಕಥೆಯನ್ನೂ ಹೇಳುವ ಒಂದು ಫಲಕವಾದರೂ ಬೇಕು.

ಕಿರಿಯಳು: ಸಣ್ಣ ದೊರೆಯ ಇಂಥ ಕಥೆ ಕುಹಿಯೊನ ಮನೆಯಲ್ಲೂ ಇದೆ ಸರ್. ಅವನ ತಾಯಿಯ ಕಡೆಯ ಮುತ್ತಜ್ಜ ಕೌಮುವಾಲಿ, ಕಾವಾಯಿ ದ್ವೀಪದ ಕೊನೆಯ ದೊರೆ. ಉಳಿದೆಲ್ಲ ದ್ವೀಪಗಳನ್ನು ಗೆದ್ದ ಕಮೆಹಮೆಹ ಎಂಬ ದೊಡ್ಡ ರಾಜನಿಗೆ ಯುದ್ಧ ಮಾಡದೆ 1810ರಲ್ಲಿ ತಲೆಬಾಗಿ, ಸಾಮಂತನಾಗಿ ತನ್ನ ದ್ವೀಪ ಉಳಿಸಿಕೊಂಡ. ಕಮೆಹಮೆಹ ಸತ್ತ ಮೇಲೆ, 1821ರಲ್ಲಿ, ಅವನ ಮಗ ಸ್ನೇಹದಿಂದಲೇ ಕಾವಾಯಿಗೆ ಬಂದು, ಕೌಮುವಾಲಿಯನ್ನು ಹಡಗು ಹತ್ತಿಸಿಕೊಂಡು ಹೊರಟುಬಿಟ್ಟ. ಕಮೆಹಮೆಹನ ವಿಧವೆ ಕಾಹುಮಾನು ಅವನನ್ನು ಮದುವೆಯಾದಳು. ಮತ್ತೆ ಅವನು ತನ್ನ ದ್ವೀಪದಲ್ಲಿ ಬಾಳಲಿಲ್ಲ. 1824ರಲ್ಲಿ ಹೊನೊಲುಲುವಿನಲ್ಲೇ ತೀರಿಕೊಂಡ.

ಹಿರಿಯರು: ಸ್ನೇಹದಿಂದ ಕರೆದು ಹಿಡಿದದ್ದು ನಮ್ಮಲ್ಲೂ ಆಗಿದೆ. ಆದೋನಿ, ಸವಣೂರು ಕಡೆಯ ಯುದ್ಧ ಮುಗಿಸಿ ಟಿಪ್ಪು ಹಿಂದಿರುಗುವಾಗ, 1786–87ರ ಸುಮಾರಿಗೆ, ಹರಪನಹಳ್ಳಿ ಮತ್ತು ರಾಯದುರ್ಗದ ಪಾಳೆಯಗಾರರನ್ನು ಮಾತುಕತೆಗೆ ಕರೆಸಿ ಸೆರೆಹಿಡಿದು ಬೆಂಗಳೂರಿಗೆ ಕಳಿಸಿದ, ಅವರ ಊರುಗಳನ್ನು ವಶಪಡಿಸಿಕೊಂಡ ಎಂದು ವಿಲ್ಕ್ಸ್ ಬರೆದಿದ್ದಾನೆ. ಅವರು ಹೈದರನ ಕಾಲದಿಂದ ಮೈಸೂರಿನ ಪರವಾಗಿ ದಂಡು ಕಳಿಸಿದವರು. ವಿಲ್ಕ್ಸ್ ಈಸ್ಟ್ ಇಂಡಿಯಾ ಕಂಪನಿಯ ಅಧಿಕಾರಿ, ಟಿಪ್ಪುವಿನ ಬಗ್ಗೆ ಅವನ ಲೇಖನಿ ಮೊನಚು, ಅದನ್ನು ನೆನಪಿನಲ್ಲಿಟ್ಟೇ ಓದಬೇಕು. ಆದರೆ ಪಾಳೆಯಗಾರನ ಪಾಡಂತೂ ಇದೇ. ಆದಿಲಶಾಹಿಗೆ ಕಪ್ಪ, ಮೊಗಲರಿಗೆ ಕಪ್ಪ, ನಿಜಾಮನಿಗೆ ಕಪ್ಪ, ಮರಾಠರಿಗೆ ಚೌತಾಯಿ, ಕೊನೆಗೆ ಮೈಸೂರಿಗೆ. ಯಾರಿಗೆ ಕೊಟ್ಟರೂ ಇನ್ನೊಬ್ಬನಿಗೆ ಅದು ದ್ರೋಹ. ಈ ಹಣ ದೊರೆಯ ಗಂಟಿನಿಂದ ಹೋಗಲಿಲ್ಲ. ಹಗರಿಯ ದಂಡೆಯ ಜೋಳದ ಹೊಲದಿಂದ, ಹಡಗಲಿಯ ಹೂವಿನ ತೋಟದಿಂದ ಹೋಯಿತು.

ಕಿರಿಯಳು: ಹಡಗಲಿ ಅಂದರೆ ವಿಜಯನಗರಕ್ಕೆ ಹೊಳೆಯ ಮೇಲೆ ಹೂವು ಸಾಗಿಸುತ್ತಿದ್ದ ಊರು ಅಂತ ನಮ್ಮಜ್ಜಿ ಹೇಳುತ್ತಿದ್ದಳು.

ಹಿರಿಯರು: ಆ ಮಲ್ಲಿಗೆಗೆ ಈಗಲೂ ಬೆಲೆಯಿದೆ, ಭೌಗೋಳಿಕ ಗುರುತಿನ ಮಾನ್ಯತೆಯೂ ಸಿಕ್ಕಿದೆ. ರಾಜಧಾನಿ ಹೋಯಿತು, ಹೂವು ಕೊಯ್ಯುವ ಕೈ ಉಳಿಯಿತು.

ಕಿರಿಯಳು: ಸಣ್ಣವನಾಗಿ ಹುಟ್ಟಿ ದೊಡ್ಡ ಪಟ್ಟಕ್ಕೆ ಬಂದವರು ಯಾರೂ ಇಲ್ಲವೇ?

ಹಿರಿಯರು: ಇದ್ದಾನೆ, ಎಲ್ಲರಿಗೂ ಗೊತ್ತಿರುವವನೇ. ದುರ್ಗದ ಕೊನೆಯ ಮದಕರಿ ನಾಯಕ. ಕಸ್ತೂರಿ ರಂಗಪ್ಪ ನಾಯಕ 1754ರಲ್ಲಿ ಮಕ್ಕಳಿಲ್ಲದೆ ತೀರಿಕೊಂಡಾಗ, ಜಾನಕಲ್ಲಿನ ಭರಮಪ್ಪನ ಮಗನಾದ ಈ ಹುಡುಗನನ್ನು ತಂದು ಪಟ್ಟ ಕಟ್ಟಿದರು. ಆಗ ಅವನಿಗೆ ಹನ್ನೆರಡು ವರ್ಷ ಎನ್ನುತ್ತಾರೆ. ದಾಯಾದಿ ಶಾಖೆಯ ಮಗು. ಯಾವ ಊರಿನ ಕೆರೆ ದಂಡೆಯಲ್ಲೋ ಆಡಿಕೊಂಡಿದ್ದವನು ಒಂದೇ ದಿನದಲ್ಲಿ ಏಳುಸುತ್ತಿನ ಕೋಟೆಯ ಒಡೆಯನಾದ. ಇಪ್ಪತ್ತೈದು ವರ್ಷ ಆಳಿ 1779ರಲ್ಲಿ ಹೈದರನ ಸೆರೆಯಾಗಿ ಶ್ರೀರಂಗಪಟ್ಟಣಕ್ಕೆ ಹೋದ. ತ.ರಾ.ಸು. ಅವರ 'ದುರ್ಗಾಸ್ತಮಾನ' ಓದಿದವರಿಗೆ ಅವನ ಮುಖ ಕಣ್ಣಿಗೆ ಕಟ್ಟಿದೆ. ನನಗೆ ಮಾತ್ರ ಅವನಿಗಿಂತ ಅವನ ಹಿಂದೆ ನಡೆದುಹೋದವರು ನೆನಪಾಗುತ್ತಾರೆ. ಹೈದರ ಸುಮಾರು 20,000 ಬೇಡರನ್ನು ದುರ್ಗದಿಂದ ಎಬ್ಬಿಸಿ ಶ್ರೀರಂಗಪಟ್ಟಣಕ್ಕೆ ಒಯ್ದ. ಗಂಡುಮಕ್ಕಳನ್ನು ಸೆರೆಯ ಹುಡುಗರ 'ಚೇಲಾ' ಪಡೆಗಳಿಗೆ ಸೇರಿಸಿದ. ಆ ಮಕ್ಕಳಲ್ಲಿ ನಮ್ಮ ಸೀಮೆಯ ಹೆಣ್ಣುಮಕ್ಕಳು ಹೆತ್ತವರೂ ಇದ್ದಿರಲೇಬೇಕು. ಬೇಡರ ಬಳ್ಳಿಗೆ ತಾಲ್ಲೂಕಿನ ಗಡಿ ಇರಲಿಲ್ಲ.

ಕಿರಿಯಳು: ಬ್ರಿಟಿಷರು ಬಂದ ಮೇಲೆ?

ಹಿರಿಯರು: 1800ರಲ್ಲಿ ನಿಜಾಮ ಈ ಪ್ರದೇಶವನ್ನು ಕಂಪನಿಗೆ ಬರೆದುಕೊಟ್ಟ. ದತ್ತಮಂಡಲ ಎಂದು ಹೆಸರಾಯಿತು. ಪ್ರಧಾನ ಕಲೆಕ್ಟರಾಗಿ ಬಂದವನು ಥಾಮಸ್ ಮನ್ರೋ. ಅವನ ಲೆಕ್ಕದಲ್ಲಿ ದತ್ತಮಂಡಲದಲ್ಲಿ 80 ಪಾಳೆಯಗಾರರು, ಅವರ ಕೈಯಲ್ಲಿ 30,000 ಆಯುಧದ ಆಳುಗಳು. ಏಳು ವರ್ಷದಲ್ಲಿ ಅವರನ್ನೆಲ್ಲ ಮುಗಿಸಿದ. ಕೆಲವರನ್ನು ಓಡಿಸಿದ, ಕೆಲವರಿಗೆ ಪಿಂಚಣಿ ಕೊಟ್ಟು ಕೂರಿಸಿದ. ಇದು ಅತಿಯಾಯಿತೆಂದು ಲಂಡನ್ನಿನ ನಿರ್ದೇಶಕರೇ ಆಕ್ಷೇಪಿಸಿದರು. ಮನ್ರೋ ಒಪ್ಪಲಿಲ್ಲ.

ಕಿರಿಯಳು: ನೀವು ಒಪ್ಪುತ್ತೀರಾ?

ಹಿರಿಯರು: ಅರ್ಧ ಒಪ್ಪುತ್ತೇನೆ. ಪಾಳೆಯಗಾರನ ಆಳು ಮನೆಗೆ ನುಗ್ಗಿ ಜೋಳದ ಹಗೇವು ಬಗೆಯುವುದು ನಿಂತಿತು. ಹೊಲ ಅಳೆದು ರೈತನ ಹೆಸರಿಗೇ ಪಟ್ಟಾ ಕೊಡುವ ರೈತವಾರಿ ಪದ್ಧತಿ ಬಂತು. ಆದರೆ ಕಂದಾಯ ಹೊರಲಾರದಷ್ಟಿತ್ತು. ಅದನ್ನು ಕಾಲು ಭಾಗ ಇಳಿಸಬೇಕೆಂದು ಮನ್ರೋನೇ 1807ರಲ್ಲಿ ಬರೆದ. ಕಂಪನಿ ಆಗ ಕೇಳಲಿಲ್ಲ. ದೊರೆಯ ಹತ್ತಿರವಾದರೆ ಹೋಗಿ ಅಳಬಹುದಿತ್ತು. ಮದರಾಸಿನ ಹತ್ತಿರ ಯಾರು ಹೋಗುತ್ತಾರೆ?

ಕಿರಿಯಳು: ಹವಾಯಿಯಲ್ಲಿ ಇದಕ್ಕೆ ಉಲ್ಟಾ ಆಯಿತು. 1848ರಲ್ಲಿ ಅಲ್ಲಿನ ರಾಜ ಭೂಮಿ ಹಂಚಿದ. ಸುಮಾರು 245 ಸಣ್ಣಪುಟ್ಟ ದೊರೆಗಳಿಗೆ ಸ್ವಂತ ಹಕ್ಕು ಸಿಕ್ಕಿತು. ಉಳುವವರಿಗೆ 1850ರ ಕಾಯ್ದೆಯ ಮೇಲೆ ದಕ್ಕಿದ್ದು ಒಟ್ಟು ನೆಲದ ನೂರಕ್ಕೆ ಒಂದು ಪಾಲಿಗಿಂತಲೂ ಕಡಿಮೆ. ದೊರೆಗಳು ಸಾಲ ಮಾಡಿದರು, ಮಾರಿದರು. ಭೂಮಿ ಕಬ್ಬಿನ ಒಡೆಯರ ಪಾಲಾಯಿತು. ಆ ಒಡೆಯರ ಬಳಗವೇ 1893ರಲ್ಲಿ ಆಗ ಆಳುತ್ತಿದ್ದ ರಾಣಿಯನ್ನು ಇಳಿಸಲು ನಿಂತಿತು.

ಹಿರಿಯರು: ಹಾಗಾದರೆ ಕುಹಿಯೊ ಮಾಡಿದ ಕೆಲಸದ ಬೆಲೆ ಈಗ ತಿಳಿಯುತ್ತದೆ. ತನ್ನಂಥ ದೊರೆಮನೆಗಳ ಕೈಯಿಂದ ಜಾರಿದ ನೆಲದಲ್ಲಿ ಒಂದಿಷ್ಟನ್ನಾದರೂ ಜನಕ್ಕೆ ಹಿಂದಕ್ಕೆ ತರಲು ಹೆಣಗಿದ. ನಮ್ಮಲ್ಲಿ ಅಂಥ ಅರಸುಮಗ ಹುಟ್ಟಲಿಲ್ಲ. ಹುಟ್ಟಲು ಮನ್ರೋ ಅವಕಾಶ ಬಿಡಲಿಲ್ಲ ಎನ್ನಬೇಕು. ಸುಮಾರು ನೂರೈವತ್ತು ವರ್ಷ ಕಳೆದು ಪ್ರಜಾಪ್ರಭುತ್ವ ಬರುವಷ್ಟರಲ್ಲಿ ಪಾಳೆಯಗಾರರ ಮಕ್ಕಳು ನಮ್ಮ ನಿಮ್ಮ ಹಾಗೆ ಮಳೆ ನೋಡಿಕೊಂಡು ಶೇಂಗಾ ಬಿತ್ತುತ್ತಿದ್ದರು.

ಕಿರಿಯಳು: ಬೇಡ ಸಮುದಾಯವೇ ತಾನೇ ಆಮೇಲೆ ಪರಿಶಿಷ್ಟ ಪಂಗಡಕ್ಕೆ ಸೇರಿದ್ದು?

ಹಿರಿಯರು: ಹೌದು. 1991ರಲ್ಲಿ ಸಂಸತ್ತು ಕಾಯ್ದೆ ಮಾಡಿ ನಾಯಕ, ಬೇಡ, ವಾಲ್ಮೀಕಿ ಹೆಸರುಗಳನ್ನು ಕರ್ನಾಟಕದ ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿಸಿತು. ಕೂಡ್ಲಿಗಿ ಈಗ ಪರಿಶಿಷ್ಟ ಪಂಗಡಕ್ಕೆ ಮೀಸಲಾದ ವಿಧಾನಸಭಾ ಕ್ಷೇತ್ರ. ಹಗರಿಬೊಮ್ಮನಹಳ್ಳಿ, ಹಡಗಲಿ ಪರಿಶಿಷ್ಟ ಜಾತಿಗೆ ಮೀಸಲು. ಪಾಳೆಯಗಾರನ ಕಾಲದಲ್ಲಿ ಕೋಟೆಯ ಬಾಗಿಲಲ್ಲಿ ನಿಲ್ಲಬೇಕಾಗಿದ್ದವರ ಮಕ್ಕಳು ಇವತ್ತು ಈ ಸೀಮೆಯ ಪರವಾಗಿ ಶಾಸನಸಭೆಯಲ್ಲಿ ಕೂರುತ್ತಾರೆ. ಯಾವ ಅರಸೊತ್ತಿಗೆಗಿಂತಲೂ ನನಗೆ ಇದು ದೊಡ್ಡದು. ಬೇಡರೆಲ್ಲ ಅರಸರಾಗಿದ್ದರು ಎಂದು ತಿಳಿಯಬೇಡ. ಕೂಡ್ಲಿಗಿ, ಮೊಳಕಾಲ್ಮೂರು, ಚಳ್ಳಕೆರೆ ಕಡೆಯ ಮ್ಯಾಸಬೇಡರು ದನಗಾಹಿಗಳು. ದೇವರ ಎತ್ತುಗಳನ್ನು ಹಿಂಡುಹಿಂಡಾಗಿ ಸಾಕಿಕೊಂಡು ಬಂದವರು. ಬರಗಾಲ ಬಂದರೆ ತಾವು ಹಸಿದರೂ ಆ ಎತ್ತುಗಳಿಗೆ ಮೇವು ಹುಡುಕುವ ಕಿಲಾರಿಗಳು ಇಂದಿಗೂ ಇದ್ದಾರೆ. ಒಂದೇ ಕುಲದಲ್ಲಿ ಕೋಟೆಯೂ ಇತ್ತು, ರೊಪ್ಪವೂ ಇತ್ತು. ಕೋಟೆ ಬಿತ್ತು, ರೊಪ್ಪ ಉಳಿದಿದೆ.

ಕಿರಿಯಳು: ಹಾಗಾದರೆ ಈ ದೊರೆಗಳನ್ನು ಯಾಕೆ ನೆನೆಯಬೇಕು ಸರ್? ಹಿಂಡಿದವರೂ ಅವರೇ ಎಂದಿರಿ.

ಹಿರಿಯರು: ಹೊಗಳುವುದಕ್ಕಲ್ಲ. ನಮ್ಮ ಈ ತಾಲ್ಲೂಕುಗಳನ್ನು ಯಾವಾಗಲೂ ಬೇರೆಯವರ ಅಂಚಿನಲ್ಲಿಟ್ಟು ನೋಡುತ್ತಾರೆ. ಹಂಪಿಯ ಅಂಚು, ದುರ್ಗದ ಅಂಚು, ನಿಜಾಮನ ಅಂಚು, ಮದರಾಸಿನ ಅಂಚು. 1953ರ ಅಕ್ಟೋಬರ್ 1ರವರೆಗೆ ನಾವು ಮದರಾಸಿನವರೇ. ಹರಪನಹಳ್ಳಿಯನ್ನಂತೂ 1997ರಲ್ಲಿ ದಾವಣಗೆರೆಗೆ ಸೇರಿಸಿದರು, 2018ರಲ್ಲಿ ಬಳ್ಳಾರಿಗೆ ತಂದರು, 2021ರಲ್ಲಿ ವಿಜಯನಗರ ಜಿಲ್ಲೆಗೆ ಕೊಟ್ಟರು. ಈ ನೆಲವನ್ನೇ ನಡುವಾಗಿ ಇಟ್ಟುಕೊಂಡು ಯೋಚಿಸಿದವರು ಆ ಸಣ್ಣ ದೊರೆಗಳು. ಒಳ್ಳೆಯದಕ್ಕೋ ಕೆಟ್ಟದ್ದಕ್ಕೋ, ಹರಪನಹಳ್ಳಿ ಅವರಿಗೆ ರಾಜಧಾನಿ. ಅಯ್ಯನಕೆರೆ, ಹಿರೇಕೆರೆ, ನಾಯಕನಕೆರೆ ಎಂದು ಊರ ಸುತ್ತ ಕೆರೆಗಳು ಯಾಕಿವೆ? ರಾಜಧಾನಿಗೆ ನೀರು ಬೇಕಿತ್ತು. ಅವರ ಬದುಕು ತಿಳಿದರೆ ನಮ್ಮ ಊರು ನಮಗೆ ನಡುವಾಗಿ ಕಾಣುತ್ತದೆ.

ಕಿರಿಯಳು: ತಿಳಿಯುವುದು ಎಲ್ಲಿಂದ?

ಹಿರಿಯರು: ಕೈಫಿಯತ್ತುಗಳಿಂದ ಶುರುಮಾಡು. ಕರ್ನಲ್ ಮೆಕೆಂಜಿ ಊರೂರಿಗೆ ಆಳು ಕಳಿಸಿ ಬರೆಸಿಕೊಂಡ ಸ್ಥಳೀಯ ಚರಿತ್ರೆಗಳು. ಎಂ.ಎಂ. ಕಲಬುರ್ಗಿಯವರು ಸಂಪಾದಿಸಿದ 'ಕರ್ನಾಟಕದ ಕೈಫಿಯತ್ತುಗಳು' ಹಂಪಿಯ ಕನ್ನಡ ವಿಶ್ವವಿದ್ಯಾಲಯದಿಂದ 1994ರಲ್ಲಿ ಬಂದಿದೆ. ಶಾನುಭೋಗರು, ಊರ ಹಿರಿಯರು ಹೇಳಿ ಬರೆಸಿದ್ದರಲ್ಲಿ ಉತ್ಪ್ರೇಕ್ಷೆಯಿದೆ. ಕಳೆದುಹೋದ ಇನಾಮನ್ನು ಹಿಂದಕ್ಕೆ ಪಡೆಯುವ ಆಸೆಯೂ ಕೆಲವು ಸಾಲುಗಳ ಹಿಂದಿದೆ. ಆದರೂ ಯಾವ ಕೆರೆಯನ್ನು ಯಾರು ಕಟ್ಟಿಸಿದರು, ಯಾರ ಮಗಳನ್ನು ಯಾರಿಗೆ ಕೊಟ್ಟರು ಎನ್ನುವುದು ಅಂಥ ಬರಹದಲ್ಲಿ ಸಿಕ್ಕಷ್ಟು ಬೇರೆಡೆ ಸಿಗುವುದಿಲ್ಲ. ಅದನ್ನು ಓದಿ ಜರಿಮಲೆಗೆ ಹೋಗು, ಗುಡೇಕೋಟೆಗೆ ಹೋಗು, ಉಚ್ಚಂಗಿದುರ್ಗ ಹತ್ತು. ಮುದುಕಿಯರನ್ನು ಮಾತಾಡಿಸು. ಗಂಡಸರು ಯುದ್ಧ ಹೇಳುತ್ತಾರೆ, ಹೆಂಗಸರು ಸಂಬಂಧ ಹೇಳುತ್ತಾರೆ. ನಿನಗೆ ಬೇಕಾದ ನಾಗತಿಯರ ಹೆಸರು ಆ ಹಾಡು, ಹರಕೆ, ದೇವರ ಮನೆಯ ಮಾತುಗಳಲ್ಲಿ ಎಲ್ಲಾದರೂ ಉಳಿದಿದ್ದರೆ ಅದನ್ನು ಮೊದಲು ಬರೆದುಕೋ.

ಕಿರಿಯಳು: ನನ್ನ ಶಾಲೆಯ ಮಕ್ಕಳ ಮನೆಯಲ್ಲೂ ಹಳೆಯ ಕಾಗದ ಇರಬಹುದು.

ಹಿರಿಯರು: ಇದ್ದೇ ಇರುತ್ತವೆ. ಅಟ್ಟದ ಮೇಲೆ, ದೇವರ ಪೆಟ್ಟಿಗೆಯಲ್ಲಿ ಗಂಟು ಕಟ್ಟಿಟ್ಟಿರುತ್ತಾರೆ. ಸನದು, ಇನಾಮು ಪತ್ರ, ಕಡತ, ತಾಮ್ರದ ತಗಡು ಯಾವುದೇ ಇರಲಿ, ಹಳೆಯದೆಂದು ಹೊಳೆಗೆ ಬಿಡಬೇಡಿ, ಗುಜರಿಗೆ ಹಾಕಬೇಡಿ ಎಂದು ಮನೆಯವರಿಗೆ ಹೇಳು. ಕೊಡಲು ಮನಸ್ಸಿಲ್ಲದಿದ್ದರೆ ಬೇಡ, ಅದು ಅವರ ಸ್ವತ್ತು. ಹಂಪಿಯ ಕನ್ನಡ ವಿಶ್ವವಿದ್ಯಾಲಯದಲ್ಲಿ ಹಸ್ತಪ್ರತಿಶಾಸ್ತ್ರ ವಿಭಾಗವೇ ಇದೆ. ಅಲ್ಲಿಗೆ ಒಯ್ದು ತೋರಿಸಲಿ, ಚಿತ್ರ ತೆಗೆಸಿ ಪ್ರತಿ ಮಾಡಿಸಿಕೊಂಡು ಮೂಲವನ್ನು ಮನೆಗೆ ತರಲಿ. ಕೂಡ್ಲಿಗಿಯಿಂದ ಹಂಪಿಗೆ ಬೆಳಗ್ಗೆ ಹೋಗಿ ಸಂಜೆಗೆ ಬರಬಹುದು.